ಮತ್ತೆ ತೊಡುವ ಮುನ್ನ: ಗೌನಿನಿಂದ ಗಮ್‌ಬೂಟಿನವರೆಗೆ ಶುದ್ಧಿಯ ಕ್ರಮ

ಆಳಂದ, ಸೇಡಂ, ಜೇವರ್ಗಿ, ಚಿಂಚೋಳಿ ಕಡೆಯ ಸಣ್ಣ ನರ್ಸಿಂಗ್ ಹೋಮ್‌ಗಳಿಂದ, ಹೆರಿಗೆ ಆಸ್ಪತ್ರೆಗಳಿಂದ ನನಗೆ ಫೋನ್ ಮಾಡುವ ಸಿಸ್ಟರ್‌ಗಳು ಹೆಚ್ಚಾಗಿ ಕೇಳುವುದು ಒಂದೇ ಮಾತು: "ಅಕ್ಕಾ, ಇದನ್ನು ಆಟೊಕ್ಲೇವ್‌ಗೆ ಹಾಕಬಹುದೇ?" ಆಟೊಕ್ಲೇವ್ ಎಂದರೆ ಒತ್ತಡದ ಹಬೆಯಿಂದ ರೋಗಾಣುಗಳನ್ನು ಕೊಲ್ಲುವ ಯಂತ್ರ. ಹಾಕಬಹುದೋ ಇಲ್ಲವೋ ಎಂದು ಹೇಳುವ ಮೊದಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಆ ವಸ್ತುವನ್ನು ಮರುಬಳಕೆಗೆಂದೇ ತಯಾರಿಸಿದ್ದಾರೆಯೇ? ಅದನ್ನು ಚೆನ್ನಾಗಿ ತೊಳೆದಿದ್ದೀರಾ? ಎರಡರಲ್ಲಿ ಒಂದಕ್ಕೆ 'ಇಲ್ಲ' ಎಂಬ ಉತ್ತರ ಬಂದರೂ ಆಟೊಕ್ಲೇವ್‌ನ ಮಾತು ಅಲ್ಲಿಗೆ ಮುಗಿಯಿತು.

ಕಲಬುರಗಿಯ ಆಸ್ಪತ್ರೆಯೊಂದರ ಸಿಎಸ್‌ಎಸ್‌ಡಿಯಲ್ಲಿ ನಾನು ಶುಶ್ರೂಷಾಧಿಕಾರಿ. ಇಡೀ ಆಸ್ಪತ್ರೆಯ ಉಪಕರಣ, ಬಟ್ಟೆಗಳನ್ನು ತೊಳೆದು, ಕಟ್ಟಿ, ಆಟೊಕ್ಲೇವ್ ಮಾಡಿ ಓಟಿಗೆ (ಶಸ್ತ್ರಚಿಕಿತ್ಸೆಯ ಕೋಣೆಗೆ), ವಾರ್ಡುಗಳಿಗೆ ಕಳಿಸುವ ವಿಭಾಗ ನಮ್ಮದು. ಹೊಲಸು ಅಂಟಿದ ಬಟ್ಟೆಯನ್ನು ಎಷ್ಟು ಕಾಯಿಸಿದರೂ ಅದು ಶುದ್ಧವಾಗುವುದಿಲ್ಲ ಎಂದು ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳುತ್ತೇನೆ. ಒಣಗಿದ ರಕ್ತದ ಪದರದೊಳಗೆ ಅವಿತ ರೋಗಾಣುವನ್ನು ಹಬೆಯೂ ಸರಿಯಾಗಿ ಮುಟ್ಟುವುದಿಲ್ಲ, ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ದ್ರಾವಣವೂ ಮುಟ್ಟುವುದಿಲ್ಲ. ಈ ಬರಹದ ಅರ್ಧ ಭಾಗ ತೊಳೆಯುವುದರ ಬಗ್ಗೆಯೇ ಇರುವುದು ಅದಕ್ಕಾಗಿ.

ಉಳಿಸುವುದು ಯಾವುದು, ಬಿಸಾಡುವುದು ಯಾವುದು

ಹತ್ತಿಯ ಗೌನು, ಟೊಪ್ಪಿಗೆ, ಹೊದಿಕೆ ಬಟ್ಟೆಗಳು, ಗಾಗಲ್, ದಪ್ಪ ಹಾಳೆಯ ಫೇಸ್ ಶೀಲ್ಡ್, ರಬ್ಬರ್ ಏಪ್ರನ್, ಗಮ್‌ಬೂಟು, ಸ್ವಚ್ಛತಾ ಸಿಬ್ಬಂದಿ ತೊಡುವ ದಪ್ಪ ರಬ್ಬರ್ ಕೈಗವಸು ಇವು ಮರುಬಳಕೆಯ ವಸ್ತುಗಳು. ಮೂರು ಪದರದ ಮಾಸ್ಕ್, ಶೂ ಕವರ್, ಪಿಪಿಇ ಕಿಟ್‌ನ ಕವರಾಲ್, ಕಾಗದದಂತಹ ತೆಳು ಗೌನು, ಪರೀಕ್ಷೆಗೂ ಶಸ್ತ್ರಚಿಕಿತ್ಸೆಗೂ ಬಳಸುವ ತೆಳು ಕೈಗವಸು ಇವು ಒಮ್ಮೆ ಬಳಸಿ ಬಿಸಾಡುವಂಥವು. ಸಂದೇಹ ಬಂದರೆ ಪೊಟ್ಟಣ ನೋಡಿ. ವೃತ್ತದೊಳಗೆ 2 ಎಂಬ ಅಂಕಿ ಬರೆದು ಅದರ ಮೇಲೆ ಅಡ್ಡಗೆರೆ ಎಳೆದಿದ್ದರೆ ಎರಡನೆಯ ಸಲ ಬಳಸಬೇಡಿ ಎಂದು ಅರ್ಥ. ಇಂಗ್ಲಿಷ್ ಓದಲು ಬಾರದ ನಮ್ಮ ಆಯಾಗಳಿಗೂ ಆ ಗುರುತು ಚೆನ್ನಾಗಿ ಗೊತ್ತಿದೆ.

ತೆಳು ಕೈಗವಸಿನ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ತೊಳೆದು, ಒಣಗಿಸಿ, ಪೌಡರ್ ಹಚ್ಚಿ, ಮತ್ತೆ ಆಟೊಕ್ಲೇವ್ ಮಾಡುವ ಪದ್ಧತಿ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು. ಖಾಸಗಿ ಆಸ್ಪತ್ರೆಯೊಂದರ ಹಿತ್ತಲಿನಲ್ಲಿ ಹಗ್ಗದ ಮೇಲೆ ಕೈಗವಸುಗಳನ್ನು ಸಾಲಾಗಿ ಒಣಹಾಕಿದ್ದನ್ನು ಕೆಲವು ವರ್ಷಗಳ ಹಿಂದೆ ನಾನೇ ಕಂಡಿದ್ದೇನೆ. ತೊಳೆದಾಗಲೂ ಕಾಯಿಸಿದಾಗಲೂ ಲೇಟೆಕ್ಸ್‌ನಲ್ಲಿ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ರಕ್ಷಣೆ ಇದೆ ಎಂದು ನಂಬಿ ಕೈ ಹಾಕುವವರಿಗೆ ರಕ್ಷಣೆಯೇ ಇರುವುದಿಲ್ಲ.

ತೊಳೆಯುವವರ ಮೈಮೇಲೆ ಏನಿರಬೇಕು

ಡಾಕ್ಟರು ಕಳಚಿಟ್ಟ ಗೌನನ್ನು ಎತ್ತಿಕೊಂಡು ಹೋಗುವ ಆಯಾ ಬರಿಗೈಯಲ್ಲಿರುತ್ತಾಳೆ. ನಮ್ಮ ಆಸ್ಪತ್ರೆಗಳಲ್ಲಿ ನನಗೆ ಅತ್ಯಂತ ನೋವು ಕೊಡುವ ದೃಶ್ಯ ಇದು. ಮಲಿನ ಬಟ್ಟೆ ಮುಟ್ಟುವವರಿಗೆ ಮೊಣಕೈವರೆಗಿನ ದಪ್ಪ ಕೈಗವಸು, ಏಪ್ರನ್, ಮಾಸ್ಕ್, ಗಾಗಲ್, ಗಮ್‌ಬೂಟು ಕೊಡಲೇಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಕೊಡಿಸಬೇಕು: ಮೊದಲನೆಯದು ಕೊಟ್ಟ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಗುತ್ತಿಗೆ ನೌಕರರು ಎಂಬ ಕಾರಣಕ್ಕೆ ಲಸಿಕೆಯ ಪಟ್ಟಿಯಿಂದ ಅವರ ಹೆಸರು ಬಿಟ್ಟುಹೋಗುತ್ತದೆ. ಆ ಪಟ್ಟಿಯನ್ನು ನೀವೇ ಕೂತು ನೋಡಿ.

ತೊಳೆಯುವ ಮೊದಲಿನ ಕೆಲಸ ಹುಡುಕಾಟ. ಗೌನಿನ ಮಡಿಕೆಗಳಲ್ಲಿ, ಹೊದಿಕೆಯ ಬಟ್ಟೆಗಳ ನಡುವೆ ಹೊಲಿಗೆ ಸೂಜಿ, ಬ್ಲೇಡು, ಟವೆಲ್ ಕ್ಲಿಪ್ಪು ಉಳಿದಿರುತ್ತವೆ. ಬಟ್ಟೆಯನ್ನು ಕೊಡವಬಾರದು. ಕೊಡವಿದರೆ ಹೊಲಸು ಗಾಳಿಗೆ ಏಳುತ್ತದೆ, ಸೂಜಿಯೂ ಹಾರಬಹುದು. ಮೇಜಿನ ಮೇಲೆ ನಿಧಾನವಾಗಿ ಬಿಚ್ಚಿ, ಮಲಿನವಾದ ಬದಿಯನ್ನು ಒಳಗೆ ಮಡಚುತ್ತ ಹೋಗಬೇಕು. ಇಷ್ಟೆಲ್ಲ ಎಚ್ಚರ ವಹಿಸಿದರೂ ಸೂಜಿ ಚುಚ್ಚಿದರೆ ಗಾಯವನ್ನು ಹಿಂಡಬಾರದು. ಸೋಪು ನೀರಿನಲ್ಲಿ ತೊಳೆದು ತಕ್ಷಣ ವೈದ್ಯರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುಮಾಡುವುದು ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ.

ಗೌನು ತೊಳೆಯುವ ಕ್ರಮ

ರಕ್ತದ ಕಲೆಗೆ ಮೊದಲು ತಣ್ಣೀರು. ಬಿಸಿನೀರಿಗೆ ನೇರವಾಗಿ ಹಾಕಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ತಣ್ಣೀರಿನಲ್ಲಿ ನೆನೆಸಿ, ಕಲೆ ಸಡಿಲವಾದ ಮೇಲೆ ಡಿಟರ್ಜೆಂಟ್ ಹಾಕಿದ ಬಿಸಿನೀರಿಗೆ ಹಾಕಿ. ಯಂತ್ರವಿದ್ದರೆ 71 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 25 ನಿಮಿಷ ತಿರುಗಬೇಕು. ಯಂತ್ರವಿಲ್ಲದ ಕಡೆ ಹಂಡೆಯಲ್ಲಿ ನೀರು ಕಾಯಿಸುತ್ತಾರೆ. ಅಂಥ ನೀರಿಗೆ ಕೈ ಹಾಕುವಂತಿಲ್ಲ, ಉದ್ದ ಕೋಲಿನಿಂದ ತಿರುವಬೇಕು. ಹೈಪೋದಲ್ಲಿ ರಾತ್ರಿಯಿಡೀ ನೆನೆಹಾಕುವ ಅಭ್ಯಾಸ ಬಿಡಿ. ಹತ್ತಿಯ ನೂಲು ಸುಟ್ಟಂತಾಗಿ ಗೌನು ತಿಂಗಳೊಪ್ಪತ್ತಿನಲ್ಲಿ ಹರಿಯುತ್ತದೆ. ಹರಿಯುವ ಮೊದಲು ಜಾಳಾಗಿ ಒದ್ದೆಯನ್ನು ಒಳಗೆ ಬಿಡುತ್ತದೆ.

ನೀರಿನ ಬಗ್ಗೆ ಒಂದು ಮಾತು. ಶಹಾಬಾದ್ ಕಲ್ಲು ನಮಗೆ ನೆಲಹಾಸು ಕೊಟ್ಟಿದೆ, ಸೇಡಂ-ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಸುಣ್ಣದ ಕಲ್ಲು ಕೊಟ್ಟಿದೆ. ಅದೇ ಕಲ್ಲಿನ ನಡುವಿನಿಂದ ಬರುವ ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಅದರ ಗಸಿ ಬಟ್ಟೆಯಲ್ಲೇ ಉಳಿದು ಬಿಳಿ ಗೌನು ಬೂದು ಬಣ್ಣಕ್ಕೆ ತಿರುಗುತ್ತದೆ, ಮುಟ್ಟಿದರೆ ಬಿರುಸು. ಸೋಪಿನ ಬದಲು ಡಿಟರ್ಜೆಂಟ್ ಬಳಸಿ, ಒಂದು ಸಲ ಹೆಚ್ಚಿಗೆ ಜಾಲಾಡಿಸಿ. ಆಟೊಕ್ಲೇವ್‌ಗಂತೂ ಬೋರ್‌ವೆಲ್ ನೀರು ಬೇಡವೇ ಬೇಡ. ನೀರು ಕಾಯಿಸುವ ಕಾಯಿಲ್ ಮೇಲೆ ಸುಣ್ಣ ಕಟ್ಟಿ ಒಂದು ದಿನ ಸುಟ್ಟುಹೋಗುತ್ತದೆ. ಆರ್‌ಒ ನೀರು ಅಥವಾ ಡಿಸ್ಟಿಲ್ಡ್ ನೀರು ಹಾಕಿ.

ಒಣಗಿಸುವುದಕ್ಕೆ ನಮ್ಮ ಬಿಸಿಲಿಗೆ ಸಮನಾದದ್ದಿಲ್ಲ. ಆದರೆ ಬಿಸಿಲಿನಿಂದ ಸ್ಟೆರಿಲೈಜ್ ಆಗುತ್ತದೆ ಎಂದು ನಂಬಬೇಡಿ. ರೋಗಾಣುಗಳನ್ನು ಬೇಗ ಕೊಲ್ಲುವ ಯುವಿ-ಸಿ ಕಿರಣ ವಾತಾವರಣವನ್ನು ದಾಟಿ ನೆಲಕ್ಕೆ ಬರುವುದೇ ಇಲ್ಲ. ತೊಗರಿ ರಾಶಿಯ ದಿನಗಳಲ್ಲಿ ಊರ ಅಂಚಿನ ಆಸ್ಪತ್ರೆಗಳ ಮಾಳಿಗೆಯ ಮೇಲೆ ಹೊಟ್ಟಿನ ಧೂಳು ಬಂದು ಕೂರುತ್ತದೆ, ಆಗ ಬಟ್ಟೆಯನ್ನು ಒಳಗೇ ಒಣಹಾಕಿ.

ಒಣಗಿದ ಪ್ರತಿ ಗೌನನ್ನೂ ಬೆಳಕಿಗೆ ಹಿಡಿಯಬೇಕು. ನಮ್ಮಲ್ಲಿ ಒಬ್ಬ ಹಿರಿಯ ಆಯಾ ಇದ್ದಾರೆ. ಗೌನನ್ನು ಟ್ಯೂಬ್‌ಲೈಟಿನ ಕೆಳಗೆ ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಎದೆಯ ಭಾಗದಿಂದ ಶುರುಮಾಡಿ ತೋಳಿನ ತುದಿಯವರೆಗೆ ಕಣ್ಣಾಡಿಸುತ್ತಾರೆ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ಪೆನ್ನಿನಿಂದ ವೃತ್ತ ಹಾಕುತ್ತಾರೆ. ಆಮೇಲೆ ಮಣಿಕಟ್ಟಿನ ಪಟ್ಟಿಯನ್ನು ಒಳಗುಹೊರಗು ಮಾಡಿ ಹೊಲಿಗೆಯ ಸಾಲಿನ ಮೇಲೆ ಹೆಬ್ಬೆರಳು ಎಳೆಯುತ್ತಾರೆ, ಏಕೆಂದರೆ ಒಣಗಿದ ರಕ್ತ ಉಳಿಯುವುದು ಅಲ್ಲಿಯೇ. ಕಟ್ಟುವ ಲಾಡಿಯ ಗಂಟುಗಳನ್ನೂ ಬಿಚ್ಚಿ ನೋಡುತ್ತಾರೆ. ತೂತಿದ್ದ ಗೌನು ಶಸ್ತ್ರಚಿಕಿತ್ಸೆಗೆ ಮತ್ತೆ ಹೋಗುವುದಿಲ್ಲ, ಕಲೆ ಉಳಿದದ್ದು ಮರಳಿ ತಣ್ಣೀರಿಗೆ ಹೋಗುತ್ತದೆ.

ಆಟೊಕ್ಲೇವ್: ಗಾಳಿ ಹೊರಹೋಗದೆ ಕೆಲಸವಾಗದು

ಒತ್ತಡದ ಮುಳ್ಳು ಚದರ ಇಂಚಿಗೆ 15 ಪೌಂಡ್ ತೋರಿಸಿತು, ಆದ್ದರಿಂದ ಒಳಗೆ 121 ಡಿಗ್ರಿ ಆಗಿದೆ ಎಂದು ಬಹಳ ಜನ ತಿಳಿದಿದ್ದಾರೆ. ಒಳಗಿರುವುದು ಬರೀ ಹಬೆಯಾದರೆ ಆ ಲೆಕ್ಕ ಸರಿ. ಗಾಳಿ ಬೆರೆತಿದ್ದರೆ ಮುಳ್ಳು 15ರಲ್ಲೇ ನಿಂತಿದ್ದರೂ ಉಷ್ಣತೆ ಬಹಳ ಕೆಳಗಿರುತ್ತದೆ. ಮನೆಯ ಕುಕ್ಕರಿನಲ್ಲಿ ಹಬೆ ಜೋರಾಗಿ ಬರುವವರೆಗೆ ಕಾದು ಆಮೇಲೆ ವೇಟ್ ಇಡುತ್ತೇವಲ್ಲ, ಇಲ್ಲಿಯೂ ಹಾಗೆಯೇ. ವಾಲ್ವ್ ತೆರೆದಿಟ್ಟು ಹಬೆ ಒಂದೇ ಸಮನೆ ರಭಸದಿಂದ ಹೊರಬರುವವರೆಗೆ ಕಾಯಬೇಕು, ನಂತರ ಮುಚ್ಚಬೇಕು. ವ್ಯಾಕ್ಯೂಮ್ ಇರುವ ದೊಡ್ಡ ಯಂತ್ರಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಅವು ಗಾಳಿಯನ್ನು ಪೂರ್ತಿ ಎಳೆಯುತ್ತಿವೆಯೇ ಎಂದು ದಿನವೂ ಮೊದಲು ಖಾಲಿ ಯಂತ್ರದಲ್ಲಿ ಬೋವಿ-ಡಿಕ್ ಪರೀಕ್ಷೆ ಮಾಡಿ ನೋಡಬೇಕು.

ಸಮುದ್ರಮಟ್ಟದಿಂದ ಮೇಲೆ ಹೋದಷ್ಟೂ ಮುಳ್ಳು ಸ್ವಲ್ಪ ಹೆಚ್ಚು ತೋರಿಸಬೇಕಾಗುತ್ತದೆ, ಸಾವಿರ ಅಡಿಗೆ ಸುಮಾರು ಅರ್ಧ ಪೌಂಡ್. ಕಲಬುರಗಿ ಸುಮಾರು 1,500 ಅಡಿ ಎತ್ತರದಲ್ಲಿದೆ. ಬೀದರ್ ಪ್ರಸ್ಥಭೂಮಿ 2,000 ಅಡಿಗೂ ಮೇಲಿದೆ. ಬೀದರಿನಲ್ಲಿ 121 ಡಿಗ್ರಿಗೆ ಮುಳ್ಳು 16ರ ಹತ್ತಿರ ಇರಬೇಕು. ಸೇಫ್ಟಿ ವಾಲ್ವ್ ಮುಟ್ಟಬೇಡಿ, ಒತ್ತಡದ ಮುಳ್ಳಿಗಿಂತ ಉಷ್ಣಮಾಪಕವನ್ನು ನಂಬಿ. ಉಷ್ಣಮಾಪಕ ಇಲ್ಲದ ಹಳೆಯ ಯಂತ್ರವಾದರೆ ಮಾಲೀಕರಿಗೆ ಹೇಳಿ ಹಾಕಿಸಿಕೊಳ್ಳಿ.

ಗೌನನ್ನು ಒಳಬದಿ ಹೊರಗೆ ಬರುವಂತೆ ಮಡಚಿ, ಎರಡು ಪದರ ಬಟ್ಟೆಯಲ್ಲಿ ಸುತ್ತಿ ಕಟ್ಟಿ. ಹೀಗೆ ಮಡಚಿದರೆ ತೊಡುವವರ ಕೈ ಹೊರಮೈಗೆ ತಾಗುವುದಿಲ್ಲ. ಗಂಟು ಬಿಗಿಯಾಗಿ ಕಟ್ಟಬಾರದು. ಕಟ್ಟುಗಳನ್ನು ಒಂದರ ಮೇಲೊಂದು ಒಟ್ಟಬಾರದು, ಅಂಚಿನ ಮೇಲೆ ನಿಲ್ಲಿಸಿ, ನಡುವೆ ಅಂಗೈ ತೂರುವಷ್ಟು ಜಾಗ ಬಿಡಿ. ಬಟ್ಟೆ ತುಂಬುವ ಲೋಹದ ಡ್ರಮ್ ಬಳಸುವವರು ಅದರ ಬದಿಯ ಕಿಂಡಿಗಳನ್ನು ತೆರೆದೇ ಒಳಗಿಡಬೇಕು, ಹೊರತೆಗೆದ ತಕ್ಷಣ ಮುಚ್ಚಬೇಕು. ಕಿಂಡಿ ಮುಚ್ಚಿಯೇ ಒಳಗಿಟ್ಟ ಡ್ರಮ್‌ನ ಹೊರಗೆ ಅಂಟಿಸಿದ, ಶಾಖಕ್ಕೆ ಬಣ್ಣ ಬದಲಿಸುವ ಟೇಪು ಕಪ್ಪಾಗಿರುತ್ತದೆ, ಒಳಗಿನ ಬಟ್ಟೆಗೆ ಹಬೆ ಸರಿಯಾಗಿ ತಾಗಿರುವುದಿಲ್ಲ.

ಸುತ್ತಿದ ಬಟ್ಟೆಯ ಕಟ್ಟುಗಳಿಗೆ ಸಾಮಾನ್ಯ ಆಟೊಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ 30 ನಿಮಿಷ, ವ್ಯಾಕ್ಯೂಮ್ ಯಂತ್ರದಲ್ಲಿ 132ರಿಂದ 134 ಡಿಗ್ರಿಯಲ್ಲಿ 4 ನಿಮಿಷ. ನಿಮ್ಮ ಯಂತ್ರದ ಕೈಪಿಡಿ ಇದಕ್ಕಿಂತ ಹೆಚ್ಚು ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ. ಸ್ವಿಚ್ ಹಾಕಿದ ಹೊತ್ತಿನಿಂದ ಎಣಿಸಬಾರದು, 121 ಮುಟ್ಟಿದ ಕ್ಷಣದಿಂದ ಎಣಿಸಬೇಕು. ನಡುವೆ ಕರೆಂಟ್ ಹೋಗಿ ಉಷ್ಣತೆ ಇಳಿದರೆ ಕಳೆದ ನಿಮಿಷಗಳನ್ನು ಮರೆತುಬಿಡಿ. ಮತ್ತೆ 121 ಆದ ಮೇಲೆ ಪೂರ್ತಿ 30 ನಿಮಿಷ ನಡೆಸಿ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು, ಆದ್ದರಿಂದ ಓಟಿಯ ಕಟ್ಟುಗಳನ್ನು ಹಿಂದಿನ ದಿನವೇ ಮುಗಿಸಿಡುವುದು ಕ್ಷೇಮ.

ಸಮಯವಾದ ಮೇಲೆ ಒತ್ತಡ ಸೊನ್ನೆಗೆ ಇಳಿಯಬೇಕು, ನಂತರವೇ ಮುಚ್ಚಳ. ಮುಚ್ಚಳವನ್ನು ಸ್ವಲ್ಪ ಸರಿಸಿ ಕಟ್ಟುಗಳನ್ನು ಒಳಗೇ ಒಣಗಲು ಬಿಡಿ. ಒದ್ದೆ ಕಟ್ಟು ಶುದ್ಧವಲ್ಲ, ಅದು ಎಷ್ಟೇ ಬಿಸಿಯಾಗಿ ಹೊರಬಂದಿದ್ದರೂ. ಒದ್ದೆ ಬಟ್ಟೆಯ ಮೂಲಕ ಹೊರಗಿನ ರೋಗಾಣು ಒಳಗೆ ಇಳಿಯುತ್ತದೆ. ಬಿಸಿ ಕಟ್ಟನ್ನು ತಣ್ಣನೆಯ ಕಲ್ಲಿನ ಮೇಲೆ ಇಟ್ಟರೂ ಅಡಿಯಲ್ಲಿ ಬೆವರುತ್ತದೆ, ಜಾಲರಿ ತಟ್ಟೆಯ ಮೇಲಿಡಿ.

ಹೊರಗಿನ ಟೇಪಿನ ಗೆರೆ ಕಪ್ಪಾಯಿತೆಂದರೆ ಆ ಕಟ್ಟು ಆಟೊಕ್ಲೇವ್‌ನೊಳಗೆ ಹೋಗಿ ಬಂದಿದೆ ಎಂದಷ್ಟೇ ತಿಳಿಯುತ್ತದೆ. ಕಟ್ಟಿನ ನಟ್ಟನಡುವೆ ಒಂದು ಕೆಮಿಕಲ್ ಸ್ಟ್ರಿಪ್ ಇಟ್ಟು ಕಟ್ಟಿ, ಬಿಚ್ಚಿದಾಗ ಅದರ ಬಣ್ಣ ನೋಡಿ. ವಾರಕ್ಕೊಮ್ಮೆಯಾದರೂ ಜೀವಾಣು ಪರೀಕ್ಷೆ ಬೇಕು. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ, ಶಾಖಕ್ಕೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾದ ಬೀಜಕಗಳಿರುವ ಸಣ್ಣ ಶೀಶೆ ಸಿಗುತ್ತದೆ. ಅದನ್ನು ಕಟ್ಟುಗಳ ಮಧ್ಯೆ ಇಟ್ಟು ಯಂತ್ರ ನಡೆಸಿ, ಆಮೇಲೆ ಇನ್‌ಕ್ಯುಬೇಟರಿನಲ್ಲಿಡಬೇಕು. ಜೊತೆಗೆ ಆಟೊಕ್ಲೇವ್ ಕಾಣದ ಇನ್ನೊಂದು ಶೀಶೆಯನ್ನೂ ಇಡಬೇಕು. ಸಾಮಾನ್ಯವಾಗಿ ಸಿಗುವ ಶೀಶೆಯಲ್ಲಿ ಎರಡನೆಯದು ಹಳದಿಗೆ ತಿರುಗಬೇಕು (ಬ್ಯಾಕ್ಟೀರಿಯಾ ಬೆಳೆದಿದೆ ಎಂದರ್ಥ), ಮೊದಲನೆಯದು ನೇರಳೆ ಬಣ್ಣದಲ್ಲೇ ಉಳಿಯಬೇಕು. ಮೊದಲನೆಯದೂ ಹಳದಿಯಾದರೆ ಹಿಂದಿನ ಪಾಸಾದ ಪರೀಕ್ಷೆಯ ನಂತರ ಆ ಯಂತ್ರದಿಂದ ಹೋದ ಕಟ್ಟುಗಳನ್ನೆಲ್ಲ ವಾಪಸ್ ತರಿಸಬೇಕು. ಪ್ರತಿ ಕಟ್ಟಿನ ಮೇಲೆ ದಿನಾಂಕ, ಯಂತ್ರದ ಸಂಖ್ಯೆ, ಎಷ್ಟನೆಯ ಲೋಡ್ ಎಂದು ಬರೆಯುವುದು ಇದಕ್ಕಾಗಿ. ಬರೆಯದಿದ್ದರೆ ಯಾವುದನ್ನು ತರಿಸಬೇಕು ಎಂಬುದೇ ತಿಳಿಯದು.

ಬಟ್ಟೆಯ ಕಟ್ಟುಗಳಿಗೆ ನಮ್ಮಲ್ಲಿ ಏಳು ದಿನದ ಗಡುವು ಇಟ್ಟುಕೊಂಡಿದ್ದೇವೆ. ಆದರೆ ಕಟ್ಟು ನೆಲಕ್ಕೆ ಬಿದ್ದರೆ, ನೀರು ತಾಗಿದರೆ, ಬಿಚ್ಚಿಕೊಂಡರೆ ಅದು ಅಂದೇ ಮಲಿನ, ದಿನಾಂಕ ಏನೇ ಇರಲಿ.

ಹೈಪೋ, ಗಾಗಲ್, ಗಮ್‌ಬೂಟು

ಗಾಗಲ್, ಫೇಸ್ ಶೀಲ್ಡ್ ಆಟೊಕ್ಲೇವ್ ಶಾಖವನ್ನು ತಾಳಿಕೊಳ್ಳುವುದಿಲ್ಲ. ಸೋಪು ನೀರಿನಲ್ಲಿ ತೊಳೆದು, 1 ಶೇಕಡಾ ಹೈಪೋ ದ್ರಾವಣದಲ್ಲಿ 10 ನಿಮಿಷ ಮುಳುಗಿಸಿ, ಶುದ್ಧ ನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ ನೆರಳಿನಲ್ಲಿ ಒಣಗಿಸಿ. ಜಾಲಾಡಿಸುವುದರಲ್ಲಿ ಆತುರ ಬೇಡ, ಉಳಿದ ಹೈಪೋ ಕಣ್ಣು ಉರಿಸುತ್ತದೆ. ಫೇಸ್ ಶೀಲ್ಡ್‌ನ ಹಣೆಯ ಸ್ಪಂಜು ತೊಳೆಯಲು ಬರುವುದಿಲ್ಲ, ಸ್ಪಂಜಿರುವ ಶೀಲ್ಡ್ ಒಬ್ಬರಿಂದ ಒಬ್ಬರಿಗೆ ದಾಟಬಾರದು. ಮಬ್ಬಾದ ಗಾಗಲ್ ಬದಲಿಸಿ. ಗಮ್‌ಬೂಟು, ಏಪ್ರನ್, ದಪ್ಪ ಕೈಗವಸಿಗೆ ಸೋಪಿನ ನಂತರ 0.5 ಶೇಕಡಾ ಸಾಕು. ರಬ್ಬರನ್ನು ಬಿಸಿಲಿಗೆ ಹಾಕಿದರೆ ಸೀಳುತ್ತದೆ.

1 ಶೇಕಡಾ ದ್ರಾವಣ ಮಾಡಲು, ಅಂಗಡಿಯಲ್ಲಿ ಸಿಗುವ ದ್ರಾವಣ 5 ಶೇಕಡಾ ಇದ್ದರೆ ಒಂದು ಪಾಲು ಹೈಪೋಗೆ ನಾಲ್ಕು ಪಾಲು ನೀರು, 10 ಶೇಕಡಾ ಇದ್ದರೆ ಒಂಬತ್ತು ಪಾಲು ನೀರು. ಬ್ಲೀಚಿಂಗ್ ಪೌಡರ್ ಆದರೆ ಒಂದು ಲೀಟರ್ ನೀರಿಗೆ 30 ಗ್ರಾಂ ಕಲಸಿ, ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ತೆಗೆಯಿರಿ. ಪೌಡರಿನಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಇದ್ದಾಗ ಮಾತ್ರ ಈ ಲೆಕ್ಕ ಸರಿ. ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಸ್ಟೋರಿನಲ್ಲಿ ಬಾಯಿ ತೆರೆದಿಟ್ಟ ಚೀಲದ ಕ್ಲೋರಿನ್ ಹಾರಿಹೋಗುತ್ತಲೇ ಇರುತ್ತದೆ. ಮೂಗಿಗೆ ಘಾಟು ಬಂತು ಎಂಬುದು ಅಳತೆಯಲ್ಲ. ಪೊಟ್ಟಣದ ತಾರೀಖು ನೋಡಿ, ತಂಪಾದ ಕೋಣೆಯಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ದ್ರಾವಣವನ್ನು ದಿನವೂ ಹೊಸದಾಗಿ ಕಲಸಿ. ಕಕ್ಕಸು ತೊಳೆಯುವ ಆಸಿಡ್ ಜೊತೆ ಇದನ್ನು ಎಂದೂ ಬೆರೆಸಬೇಡಿ, ಹೊರಡುವ ಕ್ಲೋರಿನ್ ಅನಿಲ ಎದೆಗೆ ಹೊಕ್ಕರೆ ಪ್ರಾಣಕ್ಕೇ ಅಪಾಯ.

ಎನ್‌95 ಮಾಸ್ಕ್

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವೆಂದು ದಾಖಲಾದದ್ದು ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಆ ವಾರಗಳಲ್ಲಿ ಎನ್‌95 ಮಾಸ್ಕ್ ಎಲ್ಲಿಯೂ ಸಾಲುತ್ತಿರಲಿಲ್ಲ. ತೊಳೆಯೋಣವೇ, ಸ್ಪಿರಿಟ್ ಹಚ್ಚೋಣವೇ, ಕುಕ್ಕರಿಗೆ ಹಾಕೋಣವೇ ಎಂದು ಕೇಳದವರಿಲ್ಲ. ಯಾವುದೂ ಬೇಡ. ಎನ್‌95ರ ನಡುಪದರದ ಪಾಲಿಪ್ರೊಪಿಲೀನ್ ನಾರುಗಳಿಗೆ ಸ್ಥಾಯೀ ವಿದ್ಯುತ್ ಆವೇಶ ಕೊಟ್ಟಿರುತ್ತಾರೆ. ಸಣ್ಣ ಕಣಗಳನ್ನು ಹಿಡಿಯುವ ಶಕ್ತಿ ಬಹುಪಾಲು ಆ ಆವೇಶದ್ದು. ಸೋಪು, ಸ್ಪಿರಿಟ್ ತಾಗಿದರೆ ಆವೇಶ ಹೋಗುತ್ತದೆ. ಮಾಸ್ಕ್ ಹೊಸದರಂತೆಯೇ ಕಾಣುತ್ತದೆ, ಸೋಸುವುದಿಲ್ಲ. ಆಟೊಕ್ಲೇವ್‌ನಲ್ಲಿ ಬಟ್ಟಲಿನಾಕಾರದ ಮಾಸ್ಕ್‌ಗಳ ಆಕಾರ ಕೆಟ್ಟು ಮುಖಕ್ಕೆ ಕೂರುವುದಿಲ್ಲ. ಆಗ ಅಂಗಡಿಗಳಿಗೆ ಬಂದ ಸಣ್ಣ ಯುವಿ ಪೆಟ್ಟಿಗೆಗಳಲ್ಲಿ ಕಿರಣ ಬೀಳದ ಮಡಿಕೆಗಳು ಹಾಗೆಯೇ ಉಳಿಯುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಆವಿಯಿಂದ ಶುದ್ಧಿ ಮಾಡುವ ಯಂತ್ರಗಳು ಕೆಲಸ ಮಾಡಿದವು, ಆದರೆ ಅವು ತಾಲ್ಲೂಕು ಆಸ್ಪತ್ರೆಯ ಕೈಗೆ ಎಟುಕುವಂಥವಲ್ಲ.

ನಮ್ಮನ್ನು ಉಳಿಸಿದ್ದು ಸರದಿ. ಒಬ್ಬರಿಗೆ ಐದು ಮಾಸ್ಕ್, ದಿನಕ್ಕೊಂದು. ಬಳಸಿದ್ದನ್ನು ಹೆಸರು, ದಿನಾಂಕ ಬರೆದ ಕಾಗದದ ಚೀಲದಲ್ಲಿ ಹಾಕಿ ಗಾಳಿಯಾಡುವ ಕಡೆ ಇಡುವುದು, ಕನಿಷ್ಠ 72 ಗಂಟೆ ಮುಟ್ಟದೆ ಬಿಡುವುದು. ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ಉಳಿಯುತ್ತದೆ. ಒಂದು ಮಾಸ್ಕ್ ಐದು ಸಲಕ್ಕಿಂತ ಹೆಚ್ಚು ಬೇಡ, ಇನ್ನೊಬ್ಬರಿಗೆ ಕೊಡುವುದಂತೂ ಇಲ್ಲವೇ ಇಲ್ಲ. ಹಾಕಿಕೊಂಡಾಗ ಎರಡೂ ಅಂಗೈ ಮುಚ್ಚಿ ಜೋರಾಗಿ ಉಸಿರು ಬಿಡಿ. ಮೂಗಿನ ಬದಿಯಲ್ಲಿ ಗಾಳಿ ತಾಗಿದರೆ, ಪಟ್ಟಿ ಸಡಿಲವಾಗಿದ್ದರೆ, ರಕ್ತ ಸಿಡಿದಿದ್ದರೆ ಬಿಸಾಡಿ. ಕೊರತೆಯ ಕಾಲಕ್ಕೆ ಹೇಳಿದ ಮಾತಿದು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಮಾಸ್ಕ್ ಶುದ್ಧಿಯ ಯಂತ್ರಗಳಿಗೆ ಕೊಟ್ಟಿದ್ದ ತುರ್ತು ಅನುಮತಿಯನ್ನು 2021ರಲ್ಲಿ ಹಿಂತೆಗೆದುಕೊಂಡಿತು. ಸ್ಟೋರಿನಲ್ಲಿ ಮಾಸ್ಕ್ ಇರುವಾಗ ಹಳೆಯದನ್ನೇ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಬಿಸಾಡುವುದಕ್ಕೂ ಕ್ರಮವಿದೆ. ಮಾಸ್ಕ್, ಟೊಪ್ಪಿಗೆ, ಶೂ ಕವರ್, ಪ್ಲಾಸ್ಟಿಕ್ ಇಲ್ಲದ ಗೌನು ಹಳದಿ ಚೀಲಕ್ಕೆ. ಕೈಗವಸು, ಗಾಗಲ್, ಫೇಸ್ ಶೀಲ್ಡ್, ಪ್ಲಾಸ್ಟಿಕ್ ಏಪ್ರನ್, ಕವರಾಲ್ ಕೆಂಪು ಚೀಲಕ್ಕೆ. ಮಾಸ್ಕ್‌ನ ಪಟ್ಟಿ, ಕೈಗವಸಿನ ಬೆರಳು ಕತ್ತರಿಸಿಯೇ ಹಾಕಿ, ಇಲ್ಲದಿದ್ದರೆ ಆಯ್ದು ತೊಳೆದು ಮಾರುವವರಿದ್ದಾರೆ. ಕತ್ತರಿ ಚೀಲದ ಸ್ಟ್ಯಾಂಡಿಗೇ ಕಟ್ಟಿರಲಿ.